ಕಲ್ಲಪ್ಪನ ಸೊನ್ನೆ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಒಂದು ಕಂಪ್ಯೂಟರ್ ಇತ್ತು. ಗುರುಗಳ ಪ್ರವಚನ ದೂರದ ಭಕ್ತರಿಗೂ ಮುಟ್ಟಲಿ ಎಂದು ಯಾರೋ ಪುಣ್ಯಾತ್ಮರು ತಂದುಕೊಟ್ಟಿದ್ದರು. ಅದರ ಉಸ್ತುವಾರಿ ಶಿಷ್ಯ ಅಡಿವೆಯ್ಯನದು.

ಪ್ರವಚನಕ್ಕೆ ಮೈಕು ಹಚ್ಚುವವನು ಅವನೇ. ಜಮಖಾನೆ ಹಾಸುವವನು, ಗುರುಗಳ ತಂಬಿಗೆಗೆ ನೀರು ತುಂಬಿಡುವವನು ಅವನೇ. ಬಂದ ಭಕ್ತರಿಗೆ ಮಾತ್ರ ಅವನ ಹೆಸರು ಗೊತ್ತಿರಲಿಲ್ಲ. “ಆ ಮೈಕಿನ ಹುಡುಗ” ಎನ್ನುತ್ತಿದ್ದರು. ಹುಡುಗನಿಗೆ ಮೂವತ್ತು ದಾಟಿತ್ತು.

ಒಂದು ಮಧ್ಯಾಹ್ನ ಗುರು ನಿರ್ವಾಣಜ್ಜ ಸದ್ದಿಲ್ಲದೆ ಆ ಕೋಣೆಗೆ ಬಂದರು. ಪರದೆಯ ತುಂಬ ಹಸಿರು ಮೈದಾನ, ಅದರಲ್ಲಿ ಬಟನ್ನಿನಷ್ಟು ಬಟನ್ನಿನಷ್ಟು ಮನುಷ್ಯರು. ಅಡಿವೆಯ್ಯ ಕುರ್ಚಿಯ ತುದಿಯಲ್ಲಿ ಕೂತು ಹಲ್ಲು ಕಚ್ಚಿ ನೋಡುತ್ತಿದ್ದ.

“ಏನೋ ಇದು?”

ಅಡಿವೆಯ್ಯ ಧಡಕ್ಕನೆ ಎದ್ದ. ಸುಳ್ಳು ಹೇಳಲು ಬಾಯಿ ತೆರೆದ. ಗುರುಗಳ ಮುಖ ನೋಡಿದ ಮೇಲೆ ಸುಳ್ಳು ಹೊರಡಲಿಲ್ಲ.

“ಆಟ ರೀ ಅಜ್ಜಾರ. ಅಮೆರಿಕಾದವರ ಫುಟ್ಬಾಲ್. ಚೆಂಡು ಕೈಯಾಗ ಹಿಡಕೊಂಡು ಆ ಕಡಿ ಗೆರಿ ತನಕಾ ಓಡತಾರ. ಓಡಗೊಡಬಾರದು ಅಂತ ಈ ಕಡಿಯವರು ತಡೀತಾರ.”

“ನೀ ಏನ ಮಾಡ್ತಿ ಅದರಾಗ?”

“ಒಬ್ಬ ಮನಷ್ಯಾನ್ನ ಕಟ್ಟೀನ್ರಿ. ಕಲ್ಲಪ್ಪ ಅಂತ ಹೆಸರಿಟ್ಟೀನಿ. ಡಿಫೆನ್ಸಿವ್ ಲೈನ್‌ಮನ್. ಅಂದ್ರ, ತಡಿಯೋರೊಳಗ ಮುಂದಿನ ಸಾಲಿನಾಗ ನಿಂದ್ರಾಂವ. ತಾಲೀಮು ಮಾಡಿಸಿದಂಗ ಅಂಕ ಸಿಗತಾವು. ಬಲಕ್ಕ ಬೇಕಂದ್ರ ಬಲಕ್ಕ, ಓಟಕ್ಕ ಬೇಕಂದ್ರ ಓಟಕ್ಕ ಹಾಕಬೇಕು. ಒಮ್ಮಿ ಹಾಕಿದ್ದು ತಗಿಯಾಕ ಬರಂಗಿಲ್ರಿ.”

“ಮತ್ತ ಆಟದಾಗ ಅವನ್ನ ನಡಸಾಂವ ನೀನೋ?”

“ಇಲ್ರಿ. ಆಟ ತಾನ ನಡೀತೈತಿ. ಕಟ್ಟಿದಾಂವ ಸುಮ್ಮನ ಕುಂತು ನೋಡಬೇಕು.”

ನಿರ್ವಾಣಜ್ಜರು ಹುಬ್ಬೇರಿಸಿದರು. “ಹಾಂಗಾರ ಇದು ನನ್ನ ಕೆಲಸಾನ ಆತಲ್ಲೋ!” ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಆಟ ಸಾಗಿತ್ತು. ಚೆಂಡಿನವನಿಗೆ ದಾರಿ ಮಾಡಿಕೊಡಲು ಎದುರಿನವನೊಬ್ಬ ಬಂದು ಕಲ್ಲಪ್ಪನನ್ನು ನೂಕಿದ. ಕಲ್ಲಪ್ಪ ಅಂಗಾತ ಬಿದ್ದ. ಎದ್ದು ನಿಂತ, ಮತ್ತೆ ನೂಕಿದರು, ಮತ್ತೆ ಬಿದ್ದ.

“ನಿಂದ್ರಾಂವ ಅಂದಿ. ಇಂವ ಬೀಳಾಂವ ಅದಾನಲ್ಲೋ.”

ಅಡಿವೆಯ್ಯ ತಲೆ ತಗ್ಗಿಸಿದ. “ಎಲ್ಲಾಕ್ಕೂ ಸಮಾ ಹಂಚೀನ್ರಿ. ಬಲಕ್ಕ ಎಷ್ಟೋ ಓಟಕ್ಕೂ ಅಷ್ಟ, ಕೈಗೆ ಎಷ್ಟೋ ಜಿಗಿತಕ್ಕೂ ಅಷ್ಟ. ಸಮಭಾವ ಇರಬೇಕು ಅಂತ ನೀವ ಹೇಳೀರಲ್ರಿ, ಅಜ್ಜಾರ.”

ನಿರ್ವಾಣಜ್ಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂದು ಶಲ್ಯದಲ್ಲಿ ಒರೆಸಿಕೊಂಡರು.

“ನಾ ಹೇಳಿದ್ದು ಮನಸ್ಸಿಗೋ ಹುಚ್ಚಪ್ಪಾ, ಅವನ ಕಾಲಿಗಲ್ಲ!”

ಅಂದಿನಿಂದ ಗುರುಗಳಿಗೂ ಆ ಕೋಣೆಯ ಹಾದಿ ರೂಢಿಯಾಯಿತು. ಜಪ ಮುಗಿಸಿ ಬರುತ್ತಿದ್ದರು. ಹಿಂದಿನ ಆಟ ಹೇಗಾಯಿತು ಎಂದು ಕೇಳುತ್ತಿದ್ದರು. ಆಸೆ ತೋರಿಸಿಕೊಳ್ಳಬಾರದು ಎಂದು ಮುಖವನ್ನು ಬಿಗಿಯಾಗಿ ಇಟ್ಟುಕೊಳ್ಳುತ್ತಿದ್ದರು. ಅದು ಅವರಿಗೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಅಡಿವೆಯ್ಯ ಬುದ್ಧಿ ಕಲಿತವನಂತೆ ಸಿಕ್ಕ ಅಂಕಗಳನ್ನೆಲ್ಲ ಈಗ ಓಟಕ್ಕೆ ಸುರಿಯತೊಡಗಿದ. ಅದಕ್ಕೆ ಕಾರಣವಿತ್ತು. ಚೆಂಡು ಹಿಡಿದವನನ್ನು ಯಾರು ಕೆಡವುತ್ತಾರೋ ಅವರ ಹೆಸರು ಪರದೆಯ ಮೂಲೆಯ ಫಲಕದ ಮೇಲೆ ಮಿಂಚುತ್ತಿತ್ತು, ಹೆಸರಿನ ಮುಂದೆ ಅಂಕೆ ಏರುತ್ತಿತ್ತು. ಕಲ್ಲಪ್ಪನ ಹೆಸರಿನ ಮುಂದೆ ಸೊನ್ನೆ ಕೂತಿತ್ತು. ಒಂದೇ ಒಂದು ಸಲ ಕಲ್ಲಪ್ಪನ ಹೆಸರು ಮಿಂಚಬೇಕು. ಅಡಿವೆಯ್ಯನಿಗೆ ಬೇರೇನೂ ಬೇಡವಾಗಿತ್ತು.

ಕಲ್ಲಪ್ಪ ಈಗ ಓಡಿದ. ಎದುರಿನವರನ್ನು ಬಳಸಿಕೊಂಡು ಸುಂಯ್ಯೆಂದು ನುಗ್ಗಿದ. ಆದರೆ ಅವನು ಬಿಟ್ಟುಹೋದ ಜಾಗದಿಂದಲೇ ಚೆಂಡು ಹಿಡಿದವನು ಆರಾಮವಾಗಿ ದಾಟಿಹೋಗುತ್ತಿದ್ದ.

“ಇಂವ ಎಲ್ಲಿ ಹೊಂಟಾನ?” ಗುರುಗಳು ಕೇಳಿದರು.

“ಹಿಡಿಯಾಕ ರೀ.”

“ಯಾರನ್ನ?”

ಅಡಿವೆಯ್ಯ ಪರದೆಗೆ ಮೂಗು ತಾಗಿಸಿ ಹುಡುಕತೊಡಗಿದ.

ಎಲ್ಲೆಲ್ಲೋ ಕೂತವರು ಒಬ್ಬೊಬ್ಬ ಆಟಗಾರನನ್ನು ಕಟ್ಟಿ ಕೂಡಿಸಿದ ತಂಡ ಅದು, ಹಾಗೂ ಹೀಗೂ ಫೈನಲ್ ಮುಟ್ಟಿತು. ಅದರ ನಾಯಕಿ ಮಂಗಳೂರಿನ ವಕೀಲೆ ಜೆಸಿಂತಾ ಬಾಯಿ. ಅಡಿವೆಯ್ಯ ಅವಳನ್ನು ಕಂಡವನಲ್ಲ, ಅವಳ ಬರಹ ಮಾತ್ರ ಪರದೆಯ ಮೇಲೆ ಬರುತ್ತಿತ್ತು. ಆ ದಿನ ಹೀಗೆ ಬಂತು:

“ಎಂತ ಮಾರಾಯ್ರೆ ನಿಮ್ಮ ಕಲ್ಲಪ್ಪ? ಇಷ್ಟು ಆಟ ಆದ್ರೂ ಒಂದು ಅಂಕೆ ಇಲ್ಲ. ಫೈನಲಿಗೆ ಬೇರೆ ಜನ ಉಂಟು ನನ್ನ ಹತ್ರ. ನಿಮ್ಮವನನ್ನು ಯಾಕೆ ಇಳಿಸ್ಬೇಕು ಅಂತ ನಾಳೆ ಒಳಗೆ ಹೇಳಿ.”

ಈ ಆಟದಲ್ಲಿ ಮನುಷ್ಯರಿಗೆ ವಯಸ್ಸಾಗುತ್ತಿತ್ತು. ಫೈನಲ್ ಮುಗಿದರೆ ಕಲ್ಲಪ್ಪನ ಆಟದ ಆಯುಸ್ಸೂ ಮುಗಿಯುತ್ತದೆ. ಅದರಲ್ಲಿ ಇಳಿಯದಿದ್ದರೆ ಅವನು ಸೊನ್ನೆಯಾಗಿಯೇ ಮನೆಗೆ ಹೋಗಬೇಕು. ಕೈಯಲ್ಲಿ ಉಳಿದಿದ್ದುದು ಕೊನೆಯ ಒಂದಿಷ್ಟು ಅಂಕ.

ಗುರುಗಳು ಬಿಲ್ವದ ಕಟ್ಟೆಯ ಮೇಲೆ ಕೂತಿದ್ದರು. ಅಡಿವೆಯ್ಯ ಓಡಿಬಂದ.

“ಬಲಕ್ಕ ಹಾಕ್ಲ್ಯೋ ಓಟಕ್ಕ ಹಾಕ್ಲ್ಯೋ, ಅಜ್ಜಾರ? ಓಟಕ್ಕ ಹಾಕಿದ್ರ ಒಂದರ ಅಂಕಿ ಬಂದೀತು.”

ನಿರ್ವಾಣಜ್ಜರು ಅಡುಗೆಯ ಫಕ್ಕೀರಪ್ಪನನ್ನೂ ದನ ಕಾಯುವ ಸೋಮನಿಂಗನನ್ನೂ ಕೂಗಿ ಕರೆದರು. ಇಬ್ಬರೂ ಗಟ್ಟಿ ಆಳುಗಳು. ಕಟ್ಟೆಯ ಮೇಲೆ ಬಾಳೆಹಣ್ಣಿನ ತಾಟು ಇಡಿಸಿ, ಇಬ್ಬರನ್ನೂ ಅದರ ಮುಂದೆ ನಿಲ್ಲಿಸಿದರು.

“ನೀವಿಬ್ರೂ ಹಣ್ಣು ಕಾಯೋರು. ನಾನೂ ಅಡಿವೆಯ್ಯನೂ ಕದಿಯೋರು. ಇಂವ ಮುಂದ, ನಾ ಹಿಂದ.”

ಫಕ್ಕೀರಪ್ಪ ಗಾಬರಿಯಾದ. “ನಿಮ್ಮನ್ನ ಹೆಂಗ ತಡೀಲ್ರಿ, ಅಜ್ಜಾರ? ಮೈ ಮುಟ್ಟಬೇಕಾಗತೈತಿ.”

“ಇವತ್ತ ನಾ ಕಳ್ಳ. ಮುಟ್ಟು.”

ಅಡಿವೆಯ್ಯ ಎಡಕ್ಕೆ ಬಳಸಿ ಓಡಿದ. ಸೋಮನಿಂಗ ಒಂದು ಭುಜ ಕೊಟ್ಟ, ಅಷ್ಟೆ. ಅಡಿವೆಯ್ಯ ತುಳಸಿ ಗಿಡದ ತನಕ ಹೋಗಿ ನಿಂತ. ಇತ್ತ ಕೈ ಖಾಲಿಯಿದ್ದ ಫಕ್ಕೀರಪ್ಪ ಗುರುಗಳನ್ನು ಅನಾಮತ್ತಾಗಿ ಎತ್ತಿ ಮೊದಲಿದ್ದ ಜಾಗಕ್ಕೆ ತಂದಿಟ್ಟ. ಇಟ್ಟವನೇ ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ.

“ಇನ್ನೊಮ್ಮಿ,” ಎಂದರು ಗುರುಗಳು. ಅವರ ಕಣ್ಣುಗಳು ಮಿನುಗುತ್ತಿದ್ದವು. “ಈ ಸಲ ಬಳಸಬ್ಯಾಡ. ನೆಟ್ಟಗ ನುಗ್ಗು. ಬೀಳಬ್ಯಾಡ, ಬಿಡಬ್ಯಾಡ.”

ಅಡಿವೆಯ್ಯ ತಲೆ ತಗ್ಗಿಸಿ ಸೋಮನಿಂಗನ ಎದೆಗೇ ನುಗ್ಗಿದ. ಮರಳಲ್ಲಿ ಕಾಲು ಹೂತು ನೂಕಿದ. ಸೋಮನಿಂಗ ಒಂದು ಹೆಜ್ಜೆ ಹಿಂದೆ ಸರಿದ. ಮತ್ತೊಂದು ಹೆಜ್ಜೆ.

“ಏ ಫಕ್ಕೀರಪ್ಪಾ, ಬಾರೋ! ಇಂವ ನಿಂದ್ರವಲ್ಲ!”

ಫಕ್ಕೀರಪ್ಪ ಬಂದು ಬಿದ್ದ. ಇಬ್ಬರೂ ಸೇರಿ ನೂಕಿದರು. ಅಡಿವೆಯ್ಯನ ಮುಖ ಕೆಂಪಾಯಿತು, ಮೂಗಿನಲ್ಲಿ ಮರಳು ಹೋಯಿತು, ಬೆನ್ನು ಕಿರುಗುಟ್ಟಿತು. ಆದರೂ ಬೀಳಲಿಲ್ಲ, ಬಿಡಲಿಲ್ಲ.

ಅಷ್ಟರಲ್ಲಿ ಪಕ್ಕದ ಕಟ್ಟೆಗಲ್ಲಿನ ಮೇಲೆ ಪಾದುಕೆಯ ಟಕ್ ಟಕ್ ಸದ್ದು ಕೇಳಿತು. ಯಾವ ಅವಸರವೂ ಇರಲಿಲ್ಲ ಅದಕ್ಕೆ.

ಮೂವರೂ ತಿರುಗಿ ನೋಡಿದರೆ ನಿರ್ವಾಣಜ್ಜರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅರ್ಧ ಹಣ್ಣು ಆಗಲೇ ಮುಗಿದಿತ್ತು.

“ಸಿಹಿ ಐತಿ,” ಎಂದರು.

ಅಡಿವೆಯ್ಯ ಕಣ್ಣು ಕಣ್ಣು ಬಿಟ್ಟ. ಆಮೇಲೆ ಕುಣಿದಾಡಿಬಿಟ್ಟ. “ತಿಳೀತ್ರಿ! ತಿಳೀತ್ರಿ ಅಜ್ಜಾರ!” ಎನ್ನುತ್ತ ಮೈಯೆಲ್ಲ ಮರಳು ಮೆತ್ತಿಕೊಂಡೇ ಕಂಪ್ಯೂಟರಿನ ಕೋಣೆಗೆ ಓಡಿದ.

ಉಳಿದ ಅಂಕಗಳನ್ನೆಲ್ಲ ಬಲಕ್ಕೆ ಹಾಕಿದ, ಕಾಲೂರಿ ನಿಲ್ಲುವುದಕ್ಕೆ ಹಾಕಿದ. ಆಮೇಲೆ ಜೆಸಿಂತಾ ಬಾಯಿಗೆ ಬರೆದ: “ಮೇಡಂ, ಕಲ್ಲಪ್ಪನಿಗೆ ಫೈನಲಿನಲ್ಲೂ ಸೊನ್ನೆಯೇ. ಆದರೆ ಅವನನ್ನು ತಡೆಯಲು ಎದುರಿನವರಲ್ಲಿ ಇಬ್ಬರು ಬೇಕಾಗುತ್ತಾರೆ. ಅವನ ಹಿಂದೆ ನಿಲ್ಲುವವರಿಗೆ ದಾರಿ ಖಾಲಿ ಇರುತ್ತದೆ. ಇಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು.”

ಅಡಿವೆಯ್ಯ ಪರದೆಯ ಮುಂದೆ ಉಗುರು ಕಚ್ಚುತ್ತ ಕೂತ.

ಕೊನೆಗೆ ಉತ್ತರ ಬಂತು: “ಇಷ್ಟು ಧೈರ್ಯದಲ್ಲಿ ಸೊನ್ನೆ ತರ್ತೇನೆ ಅಂದವರನ್ನು ನಾನು ಕೋರ್ಟಿನಲ್ಲಿ ಸಹ ಕಾಣ್ಲಿಲ್ಲ ಮಾರಾಯ್ರೆ. ಇಳಿಸ್ತೇನೆ. ಸೋತರೆ ನಿಮ್ಮ ಆಶ್ರಮಕ್ಕೇ ಬಂದು ಜಗಳ ಮಾಡ್ತೇನೆ.”

ಫೈನಲ್ ಇದ್ದದ್ದು ಇಳಿಹೊತ್ತಿನಲ್ಲಿ. ನಿರ್ವಾಣಜ್ಜರು ಬಾಗಿಲಲ್ಲಿ ಇಣುಕಿ, “ಸುಮ್ಮನ ಒಂದೀಟು ನೋಡಿ ಹೋಗತೀನಿ,” ಎಂದು ಕೂತವರು ಏಳಲೇ ಇಲ್ಲ. ಫಕ್ಕೀರಪ್ಪ ಸೌಟು ಹಿಡಿದುಕೊಂಡೇ ಬಂದ. ಸೋಮನಿಂಗ ಕಿಟಕಿಯ ಹೊರಗೆ ನಿಂತ.

ಆಟ ಶುರುವಾಯಿತು. ಎದುರಿನವನೊಬ್ಬ ಕಲ್ಲಪ್ಪನನ್ನು ನೂಕಿದ. ಕಲ್ಲಪ್ಪ ಅಲುಗಲಿಲ್ಲ.

“ನಿಂತಾ!” ಕೂಗಿದವರು ಗುರುಗಳು.

ಮುಂದಿನ ಸಲ ಇಬ್ಬರು ಬಂದರು. ಕಲ್ಲಪ್ಪ ಅರ್ಧ ಹೆಜ್ಜೆ ಹಿಂದೆ ಸರಿದ, ಮತ್ತೆ ಕಾಲೂರಿದ. ಅವನ ಹಿಂದೆ ಭೈರ ಎಂಬವನಿದ್ದ, ತಂಡದ ಇನ್ಯಾರೋ ಕಟ್ಟಿದವನು. ಆ ಭೈರ ಖಾಲಿ ದಾರಿಯಲ್ಲಿ ನುಗ್ಗಿ ಚೆಂಡು ಹಿಡಿದವನನ್ನು ಕೆಡವಿದ. ಫಲಕದ ಮೇಲೆ ಭೈರನ ಹೆಸರು ಮಿಂಚಿತು. ಮತ್ತೊಮ್ಮೆ ಮಿಂಚಿತು, ಮಗದೊಮ್ಮೆ ಮಿಂಚಿತು. ಕೋಣೆಯಲ್ಲಿ ಕೇಕೆಯೋ ಕೇಕೆ.

ಆದರೆ ಎದುರಾಳಿಗಳೂ ಸಾಮಾನ್ಯದವರಲ್ಲ. ಅಂತರ ಕಡಿಮೆ ಮಾಡುತ್ತ ಬಂದರು. ಕೊನೆಯ ಒಂದು ಅವಕಾಶ ಉಳಿದಾಗ ಅವರು ಗೆರೆಯಿಂದ ಒಂದೇ ನೆಗೆತದಷ್ಟು ದೂರದಲ್ಲಿದ್ದರು. ಗೆರೆ ದಾಟಿದರೆ ಗೆಲುವು ಅವರದು.

“ಈಗ ಏನರ ಮಾಡೋ!” ಎಂದ ಫಕ್ಕೀರಪ್ಪ.

“ಏನೂ ಮಾಡಾಕ ಬರಂಗಿಲ್ಲೋ,” ಎಂದ ಅಡಿವೆಯ್ಯ. ಗುರುಗಳ ಕೈ ಬಂದು ಅವನ ಕೈ ಹಿಡಿಯಿತು. ಅದೂ ಬೆವೆತಿತ್ತು.

ಚೆಂಡು ಹೊರಟಿತು. ಕಲ್ಲಪ್ಪನ ಮೇಲೆ ಇಬ್ಬರು ಬಿದ್ದರು. ಅವನು ನಿಂತ. ಮೂರನೆಯವನೂ ಬಂದು ಬಿದ್ದ. ಕಲ್ಲಪ್ಪನ ಮೊಣಕಾಲು ಬಾಗಿತು. ಚೆಂಡು ಹಿಡಿದವನು ಗೆರೆಯ ಕಡೆ ಹಾರಿದ.

“ಬಿಡಬ್ಯಾಡೋ! ಬಿಡಬ್ಯಾಡೋ ನನ್ನಪ್ಪಾ!” ನಿರ್ವಾಣಜ್ಜರು ಕುರ್ಚಿಯ ಮೇಲೆ ಎದ್ದು ನಿಂತಿದ್ದರು.

ಕಲ್ಲಪ್ಪ ಬಿಡಲಿಲ್ಲ. ತಡೆಯುವವರಿಲ್ಲದ ಜಾಗದಿಂದ ಭೈರ ನುಗ್ಗಿಬಂದು ಹಾರಿದವನನ್ನು ಗಾಳಿಯಲ್ಲೇ ಹಿಡಿದು ಗೆರೆಯ ಈಚೆಗೆ ಕೆಡವಿದ.

ಗೆದ್ದರು!

ಫಕ್ಕೀರಪ್ಪ ಸೌಟು ಎಸೆದ. ಸೋಮನಿಂಗ ಕಿಟಕಿಯಿಂದಲೇ ಒಳಗೆ ಧುಮುಕಿದ. ಗುರುಗಳನ್ನು ಕುರ್ಚಿಯಿಂದ ಇಳಿಸುವುದೇ ಒಂದು ಸಾಹಸವಾಯಿತು. ಒಲೆಯ ಮೇಲಿನ ಸಾರು ಹೊತ್ತಿದ ವಾಸನೆ ಬಂದು ಫಕ್ಕೀರಪ್ಪ ಬಾಯಿ ಬಡಿದುಕೊಂಡು ಓಡಿದ, ಅವನ ಹಿಂದೆ ಸೋಮನಿಂಗ ನಗುತ್ತ ಓಡಿದ. ಪರದೆಯಲ್ಲಿ ಜೆಸಿಂತಾ ಬಾಯಿ ಬರೆದಿದ್ದಳು: “ಭೈರ! ಭೈರ! ಎಂತ ಆಡಿದ ಮಾರಾಯ್ರೆ!”

ಕೋಣೆ ಶಾಂತವಾಯಿತು. ಅಡಿವೆಯ್ಯನ ಮುಖದ ಮೇಲಿನ ನಗೆ ಇನ್ನೂ ಆರಿರಲಿಲ್ಲ. ಆಗ ಫಲಕದ ಮೇಲೆ ಆಟ ಬಿಟ್ಟು ಹೋಗುವವರ ಹೆಸರುಗಳು ಬಂದವು. ಕಲ್ಲಪ್ಪ ಎಂದಿತ್ತು. ಅದರ ಮುಂದೆ ಸೊನ್ನೆ ಇತ್ತು.

“ಗೆದ್ದಿದ್ದು ಖುಷಿ ಐತ್ರಿ, ಅಜ್ಜಾರ. ಖರೇನ ಖುಷಿ ಐತಿ,” ಎಂದ ಅಡಿವೆಯ್ಯ. “ಆದ್ರ ನಾಳೆ ಇದನ್ನ ನೋಡಿದವರಿಗೆ ಇಂವ ಇದ್ದ ಅನ್ನೂದರ ಗೊತ್ತಾಗತೈತೇನ್ರಿ?”

ನಿರ್ವಾಣಜ್ಜರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

“ಕಡೀದು ಇನ್ನೊಮ್ಮಿ ತೋರ್ಸು.”

ಅಡಿವೆಯ್ಯ ತೋರಿಸಿದ. ಚೆಂಡು ಹೊರಟಿತು. ಇಬ್ಬರು ಬಂದರು, ಮೂರನೆಯವನೂ ಬಂದ.

“ಅಲ್ಲೇ ನಿಂದ್ರಸು.”

ಪರದೆಯ ಮೇಲಿನ ಆಟ ನಿಂತಿತು. ಗುರುಗಳು ಮುಂದಕ್ಕೆ ಬಾಗಿ, ತಮ್ಮ ಹೆಬ್ಬೆರಳನ್ನು ಕಲ್ಲಪ್ಪನ ಮೇಲಿಟ್ಟರು. ಕಲ್ಲಪ್ಪ ಪೂರ್ತಿ ಮುಚ್ಚಿಹೋದ. ಸುತ್ತಲಿನ ಆ ಮೂವರು ಮಾತ್ರ ಕಾಣುತ್ತಿದ್ದರು, ಮೈಯೆಲ್ಲ ಬಾಗಿಸಿ, ಶಕ್ತಿಯನ್ನೆಲ್ಲ ಹಾಕಿ ನೂಕುತ್ತಿದ್ದರು.

“ಈಗ ಹೇಳು ಅಡಿವೆಯ್ಯ, ಈ ಮೂರು ಮಂದಿ ಯಾರನ್ನ ನೂಕಾಕತ್ತಾರ?”