ಅಂಗೈಯಲ್ಲಿ ಐದು ಹೆಸರು

ಬಿದರಕಟ್ಟೆ ಪೇಟೆಯಲ್ಲಿ ಪಕ್ಷದ ಕಚೇರಿಯ ಒಳಗೋಡೆಯ ಮೇಲೆ ಒಂದು ನಿಯಮ ಬರೆದಿತ್ತು. ಬಾಗಿಲು ತೆರೆದಿದ್ದರೆ ಬೀದಿಯ ಆಚೆ ಬದಿಯಿಂದಲೂ ಓದಬಹುದಾದಷ್ಟು ದಪ್ಪ ಅಕ್ಷರ. "ಕಮಿಟಿಗೆ ಬೇಕಾದವರ ಹೆಸರನ್ನು ಸದಸ್ಯನು ತಾನೇ ಯೋಚಿಸಿ ಬರೆಯತಕ್ಕದ್ದು. ಇನ್ನೊಬ್ಬರು ಹೇಳಿಕೊಟ್ಟ ಹೆಸರನ್ನು ಬರೆಯಕೂಡದು."

ಇಷ್ಟೇ ನಿಯಮ. ಬರೆಸಿದವರು ಅದನ್ನು ಮುರಿದರು. ಬರೆದ ಪೇಂಟರು, ಕೈಯಲ್ಲಿನ ಬಣ್ಣ ಆರುವ ಮೊದಲೇ, ಮುರಿದ. ಓದು ಬಂದವರು ಓದಿ ಮುರಿದರು. ಓದು ಬಾರದವರು ಪಕ್ಕದವರಿಂದ ಓದಿಸಿ ಕೇಳಿಕೊಂಡು ಮುರಿದರು. ಮುರಿದವರಲ್ಲಿ ಬೋಂಡದ ಸಣ್ಣಗಿರಿಯಮ್ಮನೂ ಒಬ್ಬಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವನೇ ನಮ್ಮ ಪೆದ್ದ, ಬೋರಲಿಂಗ.

ಬೋರಲಿಂಗ ಎಂದರೆ ಸಣ್ಣ ಆಳಲ್ಲ. ಬಾಗಿಲಿಗೆ ತಲೆ ತಗಲುವ ಎತ್ತರ, ಹುರಿ ಮಾಡಿದ ಮೀಸೆ, ಪೇಟೆಯ ಈ ತುದಿಯಲ್ಲಿ ಕೂಗಿದರೆ ಆ ತುದಿಯ ನಾಯಿ ಎದ್ದು ಕೂರುವಂಥ ಗಂಟಲು. ತಲೆಯೊಳಗೆ ಮಾತ್ರ ಹೇಳಿದ ಮಾತು ಹೇಳಿದ ಹಾಗೇ ಕೂತುಬಿಡುತ್ತಿತ್ತು, ಅತ್ತಿತ್ತ ಅಲ್ಲಾಡುತ್ತಿರಲಿಲ್ಲ. ಒಂದು ದಿನ ತಾಯಿ, "ಬೋಂಡ ಕೆಂಪಗಾಗೋ ಗಂಟ ಬಾಣಲೆಯಿಂದ ಕಣ್ಣು ಕೀಳಬೇಡ" ಎಂದು ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಕರಿದಿಟ್ಟ ಬೋಂಡವೂ ಇಲ್ಲ, ತಟ್ಟೆಯೂ ಇಲ್ಲ.

"ತಟ್ಟೆ ಎಲ್ಲೋ?"

"ಯಾರೋ ಎತ್ಕೊಂಡು ಹೋದ್ರವ್ವ. ಸದ್ದು ಕೇಳಿಸ್ತು."

"ಯಾರು ಅಂತ ನೋಡಲಿಲ್ವೇನೋ!"

"ನೋಡೋದು ಹೆಂಗವ್ವ? ಇನ್ನೂ ಕೆಂಪಗಾಗಿರಲಿಲ್ಲ."

ಸಣ್ಣಗಿರಿಯಮ್ಮ ಹಣೆ ಚಚ್ಚಿಕೊಂಡಳು. ಇಂಥ ಮಗನನ್ನು ಇಟ್ಟುಕೊಂಡು ಅವಳು ಬದುಕಿದ್ದು ಕಚೇರಿಯ ಜಗುಲಿಯ ಒಂದು ಮೂಲೆಯಲ್ಲಿ. ಒಂದು ಇದ್ದಿಲ ಒಲೆ, ಒಂದು ಬಾಣಲೆ, ಒಂದು ಮಣೆ. ಗಂಡ ಸತ್ತ ಮೇಲೆ ಆ ಮೂಲೆಯೇ ಅವಳ ಹೊಲ, ಆ ಮೂಲೆಯೇ ಅವಳ ಮನೆಯ ಯಜಮಾನ.

ಜಗುಲಿಯ ಮೇಲೆ ಕಣ್ಣಿಟ್ಟವನು ವಾರ್ಡಿನ ಅಧ್ಯಕ್ಷ ಪಾಲಾಕ್ಷಪ್ಪ. ಕಮಿಟಿಗೆ ಚೀಟಿ ಹಾಕುವ ಭಾನುವಾರ ಹತ್ತಿರ ಬಂದಿತ್ತು. ಆ ಪಕ್ಷದಲ್ಲಿ ನಾನು ನಿಲ್ಲುತ್ತೇನೆ, ನೀನು ನಿಲ್ಲುತ್ತೀಯೆ ಎಂಬ ಪದ್ಧತಿ ಇರಲಿಲ್ಲ. ಖಾಲಿ ಚೀಟಿ ಕೊಡುತ್ತಾರೆ. ಸದಸ್ಯನಿಗೆ ಯಾರು ಯೋಗ್ಯರೆನಿಸುತ್ತಾರೋ ಅಂಥ ಐವರ ಹೆಸರು ಅವನೇ ಬರೆಯಬೇಕು. ಪಾಲಾಕ್ಷಪ್ಪನಿಗೆ ಐವರು ಯೋಗ್ಯರೆನಿಸಿದ್ದರು: ತಾನು, ತನ್ನ ತಮ್ಮ, ತನ್ನ ಭಾವಮೈದ, ತನ್ನ ಅಳಿಯ. ಐದನೆಯ ಹೆಸರಿಗೆ ನೆಂಟರು ಸಾಲದೆ ಬಂದದ್ದರಿಂದ ತನ್ನ ಜೀಪಿನ ಡ್ರೈವರು.

"ಗಿರಿಯಮ್ಮ, ನಿನ್ನ ಮಗನ್ನ ನಾಕು ದಿನ ಪ್ರಚಾರಕ್ಕೆ ಕಳ್ಸು," ಎಂದ ಪಾಲಾಕ್ಷಪ್ಪ, ಅವಳ ಬೋಂಡ ತಿನ್ನುತ್ತ. "ಗಂಟಲು ಐತೆ, ಕೆಲಸ ಇಲ್ಲ. ನೀವಿಬ್ರೂ ಮೆಂಬರು. ಹೇಳಿದ್ದು ಮಾಡಿ, ಚೀಟೀಲಿ ಸರಿಯಾಗಿ ಬರೆದ್ರೆ ನಿನ್ನ ಒಲೆ ಇಲ್ಲೇ ಉರೀತದೆ. ಇಲ್ದಿದ್ರೆ... ಜಗುಲಿ ಪಕ್ಷದ್ದು ಕಣಮ್ಮ. ನಾನೇನು ಮಾಡ್ಲಿ?"

ಸಣ್ಣಗಿರಿಯಮ್ಮ ಮಗನ ಗಲ್ಲ ಹಿಡಿದು ಹೇಳಿದಳು: "ಅಣ್ಣ ಹೇಳಿದ ಹಾಗೆ ಮಾಡೋ ನಮ್ಮಪ್ಪ. ಒಲೆ ಹೋದ್ರೆ ಹೊಟ್ಟೆ ಹೋಯ್ತು."

"ಹಂಗೇ ಮಾಡ್ತೀನವ್ವ."

ಪಾಲಾಕ್ಷಪ್ಪ ಐದು ಹೆಸರನ್ನೂ ಬಾಯಿಪಾಠ ಮಾಡಿಸಿದ. "ಮನೆಮನೆಗೂ ಹೋಗಿ ಹೇಳು. ಒಂದು ಮನೇನೂ ಬಿಡಬೇಡ!"

ಬೋರಲಿಂಗ ಹೋದ. ಒಂದು ಮನೆಯನ್ನೂ ಬಿಡಲಿಲ್ಲ. ಬೀಗ ಹಾಕಿದ ಮನೆಯ ಮುಂದೆ ನಿಂತು ಬೀಗಕ್ಕೆ ಐದು ಹೆಸರು ಹೇಳಿದ. ಅರ್ಧ ಕಟ್ಟಿದ ಮನೆಗೆ ನುಗ್ಗಿ ಇಟ್ಟಿಗೆಗೆ ಹೇಳಿದ. ಎದುರು ಪಕ್ಷದ ಮುಖಂಡ ಮರಿಸಿದ್ದಯ್ಯನ ಮನೆಯೂ ಮನೆಯೇ ಅಲ್ಲವೇ? ಅಲ್ಲಿಗೂ ಹೋಗಿ ಹೇಳಿದ. ಅವರು ಕೂರಿಸಿ ಕಾಫಿ ಕೊಟ್ಟು, ಇನ್ನೊಂದು ಸಲ ಹೇಳಿಸಿಕೊಂಡರು. ಸಂಜೆ ಮರಿಸಿದ್ದಯ್ಯ ಬೀದಿಯಲ್ಲೇ ಕೇಳಿದ:

"ಏನ್ ಪಾಲಾಕ್ಷಪ್ಪ, ಮನೆಯೋರ್ನೆಲ್ಲಾ ಹಾಕ್ಕೊಂಡು ಹೆಂಡ್ತೀನ ಬಿಟ್ಬಿಟ್ಟೆಯಲ್ಲಯ್ಯ! ಪಾಪ, ಬೇಜಾರು ಮಾಡ್ಕೊಂಡಾಳು!"

ಪಾಲಾಕ್ಷಪ್ಪ ಹಲ್ಲು ಕಡಿಯುತ್ತ ಬಂದ. "ಲೋ ದಡ್ಡ! ಮನೆ ಬಾಗ್ಲಿಗೆ ಹೋಗ್ಬೇಡ! ಜನ ಗುಂಪಾಗಿ ಸೇರಿರೋ ಕಡೆ ಹೋಗಿ ಕೂಗೋ! ಹೆಸರು ಹೇಳಬೇಡ, ಬನ್ನಿ ಅಂತ ಮಾತ್ರ ಕರಿ!"

"ಹಂಗೇ ಮಾಡ್ತೀನಣ್ಣ."

ಮಾರನೆಯ ದಿನ ಜನ ಗುಂಪಾಗಿ ಸೇರಿದ್ದು ಕಂಬಳಿ ಅಂಗಡಿಯ ಈರಣ್ಣನ ಮನೆ ಮುಂದೆ. ಈರಣ್ಣ ರಾತ್ರಿ ತೀರಿಕೊಂಡಿದ್ದ. ಹೆಣ ಎತ್ತಿದರು. ಬೋರಲಿಂಗ ಎಲ್ಲರಿಗಿಂತ ಮುಂದೆ ನಿಂತು ಕೈ ಎತ್ತಿ ಕೂಗಿದ:

"ಎಲ್ರೂ ಬನ್ನಿ! ಭಾನುವಾರ ತಪ್ಪದೆ ಬನ್ನಿ! ಈರಣ್ಣಾ, ನೀನೂ ಮೆಂಬರು, ನೀನೂ ಬಾ!"

ಈರಣ್ಣನ ಹೆಂಡತಿ ಎದೆ ಬಡಿದುಕೊಂಡು ಕೂತಳು. ಹೆಗಲು ಕೊಟ್ಟವರಲ್ಲಿ ಒಬ್ಬ ಪಕ್ಕದವನಿಗೆ ಮೆಲ್ಲಗೆ ಅಂದ: "ಬರ್ತಾನೆ ಬಿಡು. ಈರಣ್ಣನ ಚೀಟಿ ಪಾಲಾಕ್ಷಪ್ಪನೇ ಬರೀತಾನೆ." ಅಂದವನು ಹಾಗೆ ಅಂದು ಹೆಗಲು ಬದಲಾಯಿಸಿದ, ಅಷ್ಟೆ. ಪೇಟೆಯ ಜನರ ಧೈರ್ಯ ಅಷ್ಟರಲ್ಲೇ ಮುಗಿಯುತ್ತಿತ್ತು.

ಬೋರಲಿಂಗನ ಬೆನ್ನಿಗೆ ನಾಲ್ಕು ಬಿದ್ದವು. ಮನೆಯಲ್ಲಿ ತಾಯಿ ಅತ್ತಳು, ಬೈದಳು, ಬುದ್ಧಿ ಹೇಳಿದಳು. "ಅಳ್ತಾ ಇರೋರ ಮುಂದೆ ಕೂಗ್ತಾರೇನೋ! ಹತ್ರ ಹೋಗಿ, ಹೆಗಲ ಮೇಲೆ ಕೈ ಇಟ್ಟು, 'ಸಮಾಧಾನ ಮಾಡ್ಕಳಿ, ಹೋದೋರು ಬರಲ್ಲ, ಮುಂದಿನ ಕಾರ್ಯ ನೋಡಿ' ಅನ್ಬೇಕು. ತಿಳೀತಾ?"

"ಹಂಗೇ ಮಾಡ್ತೀನವ್ವ."

ಮೂರನೆಯ ದಿನ ಸಭೆ. ಜಿಲ್ಲೆಯಿಂದ ವೀಕ್ಷಕರು ಬಂದಿದ್ದರು; ಊಟವಾಗಿತ್ತು, ಕುರ್ಚಿಯಲ್ಲೇ ಕಣ್ಣು ಕೂರುತ್ತಿತ್ತು. ಪಾಲಾಕ್ಷಪ್ಪ ಮೈಕು ಹಿಡಿದು, ಕರ್ಚೀಫು ತೆಗೆದು, ಗದ್ಗದನಾದ.

"ಈ ಪಕ್ಷ ನನ್ನ ತಾಯಿ! ತಾಯೀ, ನಿನಗಾಗಿ ನಾನು ಏನು ತಾನೇ ಮಾಡಿಲ್ಲ..." ಎಂದು ಬಿಕ್ಕಿ ಬಿಕ್ಕಿ ಅತ್ತ.

ಅಳುವವರನ್ನು ಕಂಡು ಬೋರಲಿಂಗ ಸುಮ್ಮನಿದ್ದಾನೆಯೇ? ದಡದಡ ವೇದಿಕೆ ಹತ್ತಿದ. ಹೆಗಲ ಮೇಲೆ ಕೈ ಇಟ್ಟ. ಮೈಕು ಅವನ ಬಾಯಿಯ ಹತ್ತಿರವೇ ಇತ್ತು.

"ಸಮಾಧಾನ ಮಾಡ್ಕಳಿ ಅಣ್ಣ. ತಾಯಿ ಹೋದ್ರು, ಬರಲ್ಲ. ಮುಂದಿನ ಕಾರ್ಯ ನೋಡಿ."

ವೀಕ್ಷಕರು ಬೆಚ್ಚಿ ಎಚ್ಚೆತ್ತರು. ಯಾರೋ ಹೋದರೆಂದು ಮಾತ್ರ ಕಿವಿಗೆ ಬಿದ್ದಿತ್ತು. ಎದ್ದು ನಿಂತು ತಲೆ ತಗ್ಗಿಸಿದರು. ವೀಕ್ಷಕರು ನಿಂತ ಮೇಲೆ ಸಭೆ ಕೂತಿರುತ್ತದೆಯೇ? ಸಭೆಯೂ ಎದ್ದು ನಿಂತು ತಲೆ ತಗ್ಗಿಸಿತು. ಸತ್ತವರು ಯಾರು ಎಂದು ಒಬ್ಬನೂ ಕೇಳಲಿಲ್ಲ. ಕೇಳುವ ಅಭ್ಯಾಸ ಆ ಪಕ್ಷದಲ್ಲಿ ಯಾರಿಗೂ ಇರಲಿಲ್ಲ. ಪಕ್ಷಕ್ಕೆ ಮೌನಾಚರಣೆ ಮಾಡಿ ಎಲ್ಲರೂ ಮನೆಗೆ ಹೋದರು.

"ಲೇ ಮುಂಡೇದೇ!" ಪಾಲಾಕ್ಷಪ್ಪನಿಗೆ ಈ ಸಲ ಅಳು ನಿಜವಾಗಿಯೇ ಬಂದಿತ್ತು. "ನಿನ್ನ ಸ್ವಂತ ಬುದ್ಧಿ ಓಡಿಸ್ಬೇಡ್ವೋ! ನಾಕು ಜನ ಏನಂತಾರೆ ನೋಡು, ನೀನೂ ಅದನ್ನೇ ಅನ್ನು! ನಾಕು ಜನರ ಹಾಗೆ ಇರೋದು ಕಲಿ!"

"ಹಂಗೇ ಮಾಡ್ತೀನಣ್ಣ."

ನಾಲ್ಕು ಜನ ಸಿಕ್ಕಿದ್ದು ಕ್ಷೌರದ ಅಂಗಡಿಯಲ್ಲಿ. ಸರಿಯಾಗಿ ನಾಲ್ಕೇ ಜನ. ಬೋರಲಿಂಗ ಬಾಗಿಲಲ್ಲಿ ಕೂತು ಕಿವಿ ಕೊಟ್ಟ.

"ಪಾಪಿ ನನ್ಮಗ, ಡ್ರೈವರನ್ನೂ ಕಮಿಟಿಗೆ ತುರುಕ್ತಾನಂತೆ!" ಎಂದ ಮೊದಲನೆಯವ.

"ಕಚೇರಿಗೆ ಬಂದ ಸಿಮೆಂಟಲ್ಲಿ ಮನೆಗೆ ಮಹಡಿ ಕಟ್ಕೊಂಡ," ಎಂದ ಎರಡನೆಯವ.

"ಇನ್ನು ಜಗುಲೀನೂ ನುಂಗ್ತಾನೆ," ಎಂದ ಮೂರನೆಯವ. ನಾಲ್ಕನೆಯವನ ಬಾಯಿಗೆ ಸೋಪಿನ ನೊರೆ ಮೆತ್ತಿದ್ದರು. ಅವನು ಹೌದು ಹೌದು ಎಂದು ತಲೆ ಆಡಿಸಿದ.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಪಾಲಾಕ್ಷಪ್ಪ ಇಳಿದ. ನಾಲ್ವರೂ, ನೊರೆಯವನೂ ಸೇರಿ, ಎದ್ದು ಕೈ ಮುಗಿದರು. "ನಮಸ್ಕಾರ ಅಣ್ಣ! ನೀವೇ ನಮ್ಗೆ ದೇವ್ರು!"

ಬೋರಲಿಂಗನೂ ಎದ್ದ. ನಾಲ್ವರು ಅಂದದ್ದರಲ್ಲಿ ಒಂದನ್ನೂ ಬಿಡುವಂತಿಲ್ಲ. ಕೈ ಮುಗಿದು ಒಂದೇ ಉಸಿರಿಗೆ ಅಂದ:

"ನಮಸ್ಕಾರ ಅಣ್ಣ! ನೀವೇ ನಮ್ಗೆ ದೇವ್ರು! ಪಾಪಿ ನನ್ಮಗ, ಡ್ರೈವರನ್ನೂ ತುರುಕ್ತಾನೆ, ಸಿಮೆಂಟಲ್ಲಿ ಮಹಡಿ ಕಟ್ಕೊಂಡ, ಇನ್ನು ಜಗುಲೀನೂ ನುಂಗ್ತಾನೆ!"

ನಾಲ್ವರೂ ಸೂರು ನೋಡಿದರು. ಪಾಲಾಕ್ಷಪ್ಪ ಬೋರಲಿಂಗನ ಕೈ ಹಿಡಿದು ಎಳೆದುಕೊಂಡು ಬಂದು ಸಣ್ಣಗಿರಿಯಮ್ಮನ ಒಲೆಯ ಮುಂದೆ ನಿಲ್ಲಿಸಿದ. ಜೇಬಿನಿಂದ ಬಾಲ್‌ಪೆನ್ನು ತೆಗೆದು, ಅವನ ಅಂಗೈ ಬಿಡಿಸಿ, ಐದು ಹೆಸರನ್ನೂ ಒತ್ತಿ ಒತ್ತಿ ಬರೆದ.

"ಇನ್ನು ಮೇಲೆ ಹೆಸರಿನ ವಿಷಯದಲ್ಲಿ ಯಾರ ಬಾಯಿ ಮಾತೂ ಕೇಳಬೇಡ! ನನ್ನ ಮಾತೂ ಬೇಡ, ನಿಮ್ಮವ್ವನ ಮಾತೂ ಬೇಡ! ಬರೆದಿರೋದನ್ನ ಓದು, ಹಂಗೇ ಮಾಡು!"

"ಹಂಗೇ ಮಾಡ್ತೀನಣ್ಣ."

"ಇದೇ ಕೊನೆ ಕಣಮ್ಮ ಗಿರಿಯಮ್ಮ," ಎಂದ ಪಾಲಾಕ್ಷಪ್ಪ. ಆದರೆ ಅಂಗೈಯ ಉಪಾಯ ಅವನಿಗೇ ಬಹಳ ಹಿಡಿಸಿಬಿಟ್ಟಿತು. ಪೆದ್ದನಿಗೆಂದು ಮಾಡಿದ್ದು ಬುದ್ಧಿವಂತರಿಗೂ ಆದೀತು ಎನಿಸಿತು. ಭಾನುವಾರ ಬೆಳಗಾಗುವ ಹೊತ್ತಿಗೆ ವಾರ್ಡಿನಲ್ಲಿ ನೀಲಿಯಾಗದ ಅಂಗೈ ಒಂದೂ ಇರಲಿಲ್ಲ. ವಕೀಲರು ಕೈ ಚಾಚಿದರು, ಮೇಷ್ಟ್ರು ಕೈ ಚಾಚಿದರು, ಕ್ಷೌರದಂಗಡಿಯ ಆ ನಾಲ್ವರು ಎಲ್ಲರಿಗಿಂತ ಮೊದಲೇ ಬಂದು ಕೈ ಚಾಚಿದರು.

ಕಚೇರಿಯೊಳಗೆ ಸಾಲು ನಿಂತಿತು. ಎಲ್ಲರದೂ ಮುಷ್ಟಿ ಬಿಗಿ. ಮೇಜಿನ ಆಚೆಗೆ ಪಾಲಾಕ್ಷಪ್ಪ. ಪಕ್ಕದಲ್ಲಿ ವೀಕ್ಷಕರು, ಮುಂದೆ ಬಿಸಿ ಬೋಂಡದ ತಟ್ಟೆ. ಒಬ್ಬೊಬ್ಬರೇ ಬಂದರು, ಮುಷ್ಟಿ ಬಿಚ್ಚಿದರು, ನೋಡಿ ಬರೆದರು, ಪಾಲಾಕ್ಷಪ್ಪನಿಗೆ ತೋರಿಸಿದರು, ಡಬ್ಬಿಗೆ ಹಾಕಿದರು. ಪಾಲಾಕ್ಷಪ್ಪನ ತಲೆಯ ಮೇಲಿನ ಗೋಡೆಯಲ್ಲಿ ನಿಯಮ ಇತ್ತು. ಗೋಡೆಗೆ ಕಣ್ಣಿಲ್ಲದ್ದು ಒಳ್ಳೆಯದೇ ಆಯಿತು.

ಸಣ್ಣಗಿರಿಯಮ್ಮನ ಸರದಿ ಬಂತು. ಎಣ್ಣೆಗೈಯಲ್ಲಿ ಶಾಯಿ ಕರಗಿ ಐದೂ ಹೆಸರು ಕಲಸಿಹೋಗಿದ್ದವು. ಒಂದು ಗಳಿಗೆ ಪೆನ್ನು ಹಿಡಿದು ನಿಂತಳು. ಅವಳ ಮನಸ್ಸಿನಲ್ಲೂ ಒಂದು ಹೆಸರಿತ್ತು, ದೇವೀರಮ್ಮ ಅಂತ. ನಗರಸಭೆಯ ಮೆಟ್ಟಿಲ ಮೇಲೆ ದಿನಗಟ್ಟಲೆ ಕೂತು ಬೀದಿಗೆ ನಲ್ಲಿ ಹಾಕಿಸಿದವಳು. ಆ ನಲ್ಲಿಯ ನೀರಿನಲ್ಲೇ ಸಣ್ಣಗಿರಿಯಮ್ಮ ಹಿಟ್ಟು ಕಲಸುತ್ತಿದ್ದಳು.

"ಮರೆತುಹೋಯ್ತಾ ಗಿರಿಯಮ್ಮ? ಹೇಳ್ತೀನಿ, ಬರ್ಕೋ," ಎಂದ ಪಾಲಾಕ್ಷಪ್ಪ, ನಗುತ್ತ.

ಅವಳು ಬಾಗಿಲಾಚೆ ಒಲೆಯನ್ನು ನೋಡಿದಳು. ಹೇಳಿದ ಐದನ್ನೂ ಬರೆದಳು. ಜೀಪಿನ ಡ್ರೈವರನ್ನೂ ಬರೆದಳು.

ಆಮೇಲೆ ಬೋರಲಿಂಗ. ಮುಷ್ಟಿ ಬಿಚ್ಚಿದ. ಓದಿದ. ಪಾಲಾಕ್ಷಪ್ಪ ಉಸಿರು ಬಿಟ್ಟ. ಬೋರಲಿಂಗ ಪೆನ್ನು ಎತ್ತಿದ, ತಲೆಯನ್ನೂ ಎತ್ತಿದ, ಅಲ್ಲೂ ಏನೋ ಬರೆದಿತ್ತು. ಬರೆದದ್ದನ್ನು ಓದಬೇಕಲ್ಲವೇ? ಅಕ್ಷರ ಅಕ್ಷರ ಕೂಡಿಸಿ, ಆ ಗಂಟಲಲ್ಲಿ, ಸಾಲಿನ ತುದಿಗೂ ಕೇಳುವ ಹಾಗೆ ಓದಿದ. "ಇನ್ನೊಬ್ಬರು... ಹೇಳಿಕೊಟ್ಟ... ಹೆಸರನ್ನು... ಬರೆಯಕೂಡದು."

ಸಾಲಿನಲ್ಲಿ ಕೆಮ್ಮು ಎದ್ದಿತು. ಬೋರಲಿಂಗ ಕೈ ನೋಡಿದ, ಗೋಡೆ ನೋಡಿದ, ಪೆನ್ನು ಕೆಳಗಿಟ್ಟ.

"ಬರಿಯೋ!"

"ಬರಿಯಂಗಿಲ್ಲ ಅಣ್ಣ. ಇವು ನೀವು ಹೇಳಿಕೊಟ್ಟವು."

"ಕೈಯಲ್ಲಿ ಬರೆದಿಲ್ವೇನೋ? ಬರೆದಿರೋದನ್ನ ಮಾಡು ಅಂತ ಹೇಳಿಲ್ವೇನೋ?"

"ಕೈಯಲ್ಲಿ ಬರೀ ಹೆಸರು ಐತೆ ಅಣ್ಣ. ಏನ್ ಮಾಡ್ಬೇಕು ಅಂತ ಗೋಡೇಲಿ ಐತೆ."

ವೀಕ್ಷಕರು ಬಾಯಲ್ಲಿದ್ದ ಬೋಂಡ ನುಂಗಿ ಹೇಳಿದರು: "ಹಾಗಾದ್ರೆ ನೀನೇ ಯೋಚಿಸಿ ಬೇರೆ ಹೆಸರು ಬರೆಯಪ್ಪ. ಬೇಗ."

ಬೋರಲಿಂಗ ಯೋಚಿಸಿದ. ಮೀಸೆ ಹಿಡಿದುಕೊಂಡು ಬೆವರು ಬರುವಷ್ಟು ಯೋಚಿಸಿದ. "ಆಗಲ್ಲ ಸ್ವಾಮಿ. ನಂಗೆ ಗೊತ್ತಿರೋ ಹೆಸರೆಲ್ಲಾ ಯಾರೋ ಹೇಳಿಕೊಟ್ಟವೇ. ನನ್ನ ಹೆಸರೂ ನಮ್ಮವ್ವ ಹೇಳಿಕೊಟ್ಟದ್ದೇ."

ಖಾಲಿ ಚೀಟಿಯನ್ನು ಮಡಿಸಿ ಡಬ್ಬಿಗೆ ಹಾಕಿಯೇಬಿಟ್ಟ.

ಪಾಲಾಕ್ಷಪ್ಪ ಕುರ್ಚಿ ತಳ್ಳಿ ಎದ್ದ. "ಲೋ! ಇನ್ನೊಂದು ಚೀಟಿ ತಗೊಂಡು ಬರಿ! ಬರೆಯಲ್ಲ ಅಂದ್ರೆ ಆ ಒಲೆ ಎತ್ಕೊಂಡು ನಡಿ!"

"ಬರಿಯೋ ನಮ್ಮಪ್ಪ," ಎಂದು ಸಣ್ಣಗಿರಿಯಮ್ಮ ನೀಲಿ ಅಂಗೈ ಚಾಚಿ ಬೇಡಿಕೊಂಡಳು. "ಬರಿ ಅಂದ್ರೆ ಬರಿಯೋ!" ಸಾಲಿನವರೂ ಅಂದರು: "ಬರೆದುಬಿಡಯ್ಯ, ನಿನ್ನ ಗಂಟೇನು ಹೋಗ್ತದೆ? ನಾವೆಲ್ಲ ಬರೀಲಿಲ್ವಾ?"

ಹೆಸರಿನ ವಿಷಯದಲ್ಲಿ ಯಾರ ಮಾತೂ ಕೇಳಬಾರದು. ಒಲೆಯ ವಿಷಯದಲ್ಲಿ ಅಣ್ಣ ಸ್ಪಷ್ಟವಾಗಿ ಹೇಳಿದ್ದಾನೆ.

"ಹಂಗೇ ಮಾಡ್ತೀನಣ್ಣ," ಎಂದ ಬೋರಲಿಂಗ.

ಹೊರಗೆ ಬಂದ. ಕುದಿಯುವ ಬಾಣಲೆಯನ್ನು ಇಕ್ಕಳದಲ್ಲಿ ಇಳಿಸಿ ಜಗುಲಿಯ ಮೇಲಿಟ್ಟ. ಗೋಣಿಚೀಲವನ್ನು ನೀರಲ್ಲಿ ಅದ್ದಿ, ಸಿಂಬಿ ಸುತ್ತಿ ತಲೆಗಿಟ್ಟುಕೊಂಡ.

"ಕೆಂಡ ಐತೆ ಕಣೋ!" ಎಂದು ತಾಯಿ ಕಿರುಚಿದಳು.

"ಕೆಂಡ ಇಳಿಸು ಅಂತ ಹೇಳಲಿಲ್ಲವ್ವ."

ಒಲೆ ಎತ್ತಿ ತಲೆಯ ಮೇಲೆ ಕೂರಿಸಿಕೊಂಡ. ನಾಲ್ಕು ಹೆಜ್ಜೆ ಹೋಗಿ ನಿಂತು, ತಲೆ ಅಲುಗಿಸದೆ ಇಡೀ ಮೈಯನ್ನೇ ತಿರುಗಿಸಿ ಕೇಳಿದ: "ಎಲ್ಲೀ ಗಂಟ ನಡೀಲಿ ಅಣ್ಣ?"

ಸಾಲಿನವರು ಒಬ್ಬೊಬ್ಬರೇ ಅಂಗೈ ಮುಚ್ಚಿಕೊಂಡು ನೆಲ ನೋಡಿದರು. ಎಲ್ಲಿ ನಿಲ್ಲಬೇಕು ಎಂದು ಯಾರೂ ಹೇಳದ್ದರಿಂದ ಬೋರಲಿಂಗ ತಲೆಯ ಮೇಲೆ ಹೊಗೆಯಾಡುವ ಒಲೆ ಹೊತ್ತು, ಪೇಟೆಯ ನಟ್ಟನಡುವೆ, ನಡೆದೇ ನಡೆದ.