ರಾಣಿಯ ಪಾಲು

“ಎಲ್ಲರಿಗೂ ಬಡಿಸಿದ ಮೇಲೆ ನನ್ನ ರಾಣಿ ಏನು ಉಣ್ಣುತ್ತಿದ್ದಳು?”

ಹೇಳಿ ನೋಡೋಣ. ಆಗಲ್ಲ, ಬಿಡಿ. ಹಂಗೇರಿಯ ರಾಜನೊಬ್ಬ ಡಂಗುರ ಹೊಡೆಸಿ ಕೇಳಿದ ಮೂರು ಒಗಟಿನಲ್ಲಿ ಇದು ಕೊನೆಯದು. ಅವನ ರಾಣಿ ಇಲ್ಕಾ ದನಗಾಹಿಗಳ ಮಗಳು. ಖಾರದ ದನದ ಮಾಂಸದ ಸಾರು, ಅವರ ಬಾಯಲ್ಲಿ ಗುಲಾಶ್, ಅರಮನೆಯಲ್ಲೂ ಅವಳೇ ಬೇಯಿಸುತ್ತಿದ್ದಳು. ಅವಳು ತೀರಿಹೋದ ಮೇಲೆ ಯಾರು ಮಾಡಿದ್ದೂ ರಾಜನಿಗೆ ರುಚಿಸಲಿಲ್ಲ. ಮೂರೂ ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡುತ್ತೇನೆ, ತಪ್ಪಿದವನ ತಲೆ ತೆಗೆಯುತ್ತೇನೆ ಅಂದ.

ಒಬ್ಬ ಜಮೀನ್ದಾರ ಮೊದಲನೆಯದಕ್ಕೇ ಎಡವಿದ. ಒಬ್ಬ ದಂಡನಾಯಕ ಎರಡನೆಯದಕ್ಕೆ. ದನಗಾಹಿ ಮಿಕ್ಷಾ ಮಾತ್ರ ಮೂರನೆಯದರವರೆಗೂ ಬಂದು, “ಮೆತ್ತನೆ ಮಾಂಸದ ತುಂಡು” ಅಂದ.

“ಅದು ನನ್ನ ತಟ್ಟೆಯಲ್ಲಿರುತ್ತಿತ್ತು,” ಅಂದ ರಾಜ. ಮಿಕ್ಷಾನನ್ನು ಸೆರೆಗೆ ತಳ್ಳಿದರು. ಬೆಳಗಾದರೆ ತಲೆ ಹೋಗಬೇಕು.

ಆ ಸಂಜೆ ಅವನ ತಮ್ಮ ಬಾಲಿಂಟ್ ಅವ್ವನ ಕಬ್ಬಿಣದ ಪಾತ್ರೆ ಹೊತ್ತು, ಒಗಟು ಬಿಡಿಸುತ್ತೇನೆಂದು ಅರಮನೆಗೆ ಬಂದ.

ಕಾವಲುಗಾರ ನಕ್ಕ. “ಏನೋ, ತಲೆ ಹಾಕೋಕೆ ಪಾತ್ರೆ ನೀನೇ ತಂದ್ಯಾ?”

“ಹೂಂ ಅಣ್ಣಾ, ನಿಮ್ಮಲ್ಲಿರೋದು ಚಿಕ್ಕದಾದ್ರೆ ಅಂತ.”

ತುಂಬಿದ ಆಸ್ಥಾನದಲ್ಲಿ ಕೂತಿದ್ದ ರಾಜ ನಗಲಿಲ್ಲ, ಮೊದಲ ಒಗಟು ಕೇಳಿದ. “ಹೆಚ್ಚಿದವರ ಕಣ್ಣಲ್ಲಿ ನೀರು ತರಿಸಿ, ತಾನು ಕರಗಿ ಕಾಣೆಯಾಗಿ, ಸಾರನ್ನು ಗಟ್ಟಿ ಮಾಡುವುದು ಯಾವುದು?”

“ಈರುಳ್ಳಿ, ದೊರೆ. ಮಾಂಸದಷ್ಟೇ ಹಾಕಬೇಕು. ಹಿಟ್ಟು ಹಾಕೋದು ಸೋಮಾರಿಗಳು.”

“ಬೆಂಕಿಯ ಬಣ್ಣ ಇದ್ದೂ ಬೆಂಕಿ ತಾಳದೆ ಕಹಿಯಾಗುವುದು?”

“ಕೆಂಪು ಮೆಣಸಿನ ಪುಡಿ. ಪಾತ್ರೆ ಒಲೆಯಿಂದ ಇಳಿಸಿಯೇ ಹಾಕಬೇಕು.”

“ಇನ್ನು ನನ್ನ ರಾಣಿ ಉಣ್ಣುತ್ತಿದ್ದದ್ದು?”

ಬಾಲಿಂಟ್ ಪಾತ್ರೆಯನ್ನು ರಾಜನತ್ತ ವಾಲಿಸಿ ತೋರಿಸಿದ. ಹೊರಗೆಲ್ಲ ಮಸಿ. ಒಳಗೆ ತಳ ಫಳಫಳ.

“ನಮ್ಮಣ್ಣ ಉಂಡವನೇ ದನದ ಹಿಂದೆ ಓಡ್ತಿದ್ದ. ಪಾತ್ರೆ ತೊಳೆಯೋನು ನಾನು. ಆದ್ರೆ ತೊಳೆಯೋಕೆ ಏನೂ ಉಳೀತಿರಲಿಲ್ಲ, ದೊರೆ. ತಳಕ್ಕೆ ಹತ್ತಿದ್ದನ್ನ ಅವ್ವ ಬ್ರೆಡ್ಡಿನ ಚೂರಲ್ಲಿ ಒರೆಸಿ ತಿಂದು, ಹೊಟ್ಟೆ ತುಂಬ್ತು ಅಂತಿದ್ಳು. ಊಟ ಆಯ್ತಾ ಅಂತ ನಾವು ಒಂದಿನಾನೂ ಕೇಳಲಿಲ್ಲ. ರಾಣಿಯಮ್ಮನೂ ನಮ್ಮ ಕಡೆಯವರೇ ಅಲ್ವಾ?”

ರಾಜ ರಾಣಿಯ ಪಾತ್ರೆ ತರಿಸಿದ. ಅದರ ತಳವೂ ಹಾಗೇ ಹೊಳೆಯುತ್ತಿತ್ತು. ಅದರೊಳಗೆ ಮುಖವಿಟ್ಟು ಅತ್ತ.

“ನನಗೂ ಗೊತ್ತಿರಲಿಲ್ಲ ಕಣೋ. ಅದಕ್ಕೇ ಕೇಳುತ್ತಿದ್ದೆ. ಏನು ಬೇಕು ನಿನಗೆ?”

“ನಮ್ಮಣ್ಣ.”

ಅಣ್ಣತಮ್ಮಂದಿರು ಮನೆಗೆ ಹೋಗಿ ಗುಲಾಶ್ ಮಾಡಿ, ಮೊದಲ ತಟ್ಟೆ ಅವ್ವನಿಗೆ ಬಡಿಸಿ, ಅವಳು ಉಣ್ಣುವವರೆಗೂ ಎದುರಿಗೇ ಕೂತರು.

ಈ ಕೊನೆ ಮಾತ್ರ ನಾನು ಬಿಟ್ಟ ಬುರುಡೆ. ನಾನು ಕೇಳಿದ ಕತೆಯಲ್ಲಿ ರಾಜ ಅಳಲಿಲ್ಲ, ಎಲ್ಲರೆದುರು ನಾಚಿಕೆಯಾಗಿ ಸಿಟ್ಟಾದ. ಅವ್ವನ ಮನೆಗೆ ವಾಪಸ್ ಬಂದದ್ದು ಪಾತ್ರೆ ಒಂದೇ.