ನಿಂತ ಚಂದ್ರ, ಮಲಗಿದ ಚಂದ್ರ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಕೌಮುದಿಯವರು ಚಂದ್ರನ ಲೆಕ್ಕ ಹೇಳುವ ಸಾಫ್ಟ್‌ವೇರ್ ಮಾಡಿದ್ದಾರೆ! ದಿನ ಹೇಳಿ, ಊರು ಹೇಳಿ, ಆ ದಿನದ ಆ ಊರಿನ ಚಂದ್ರ ಪರದೆಯ ಮೇಲೆ ಬರುತ್ತಾನೆ. ಅವರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ಬಿದಿಗೆಯ ಸಂಜೆ, ಚಂದ್ರ ಮುಳುಗುವ ಹೊತ್ತಿಗೆ, ತಲೆದಂಡ!"

ಮುತ್ತಾವತಿಯ ಬೀದಿಗಳಲ್ಲಿ ಹೀಗೆ ಡಂಗುರ ಹೊಡೆದರು. ರಾಜರೂ ಇದ್ದು ಕಂಪ್ಯೂಟರೂ ಇದ್ದ ಕಾಲ ಅದು; ಎರಡರ ಮುಂದೆಯೂ ಜನ ಕೈಕಟ್ಟಿ ನಿಲ್ಲುತ್ತಿದ್ದರು. ಒಗಟು ಕುಮಾರಿಯದು. ತಲೆದಂಡದ ಮಾತು ರಾಜ ಸೇರಿಸಿದ್ದು.

ಬೀದಿದೀಪ ಹಚ್ಚುವ ಮಾಲಿಂಗ ಡಂಗುರಕ್ಕೆ ಕಿವಿಗೊಡಲಿಲ್ಲ. ಕಿವಿಗೊಟ್ಟದ್ದು ಅವನ ಅಣ್ಣ ಕೆಂಚ. ಮೀಸೆ ತಿರುವಿಕೊಂಡು ಹೋದ, ಮೂರನೆಯ ಒಗಟಿನಲ್ಲಿ ಮುಗ್ಗರಿಸಿದ, ಸೆರೆಮನೆ ಸೇರಿದ. ಅಷ್ಟರಲ್ಲಿ ಬಿದಿಗೆ ಬಂದೇಬಿಟ್ಟಿತು. ಮಾಲಿಂಗ ಏಣಿಯನ್ನು ಗೋಡೆಗೆ ಒರಗಿಸಿ, ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು ಅರಮನೆಗೆ ನಡೆದ. ಅವನಿಗೆ ಬೇಡಲು ಇದ್ದದ್ದು ಒಂದೇ.

ಆ ನಾಡಿನಲ್ಲಿ ಬಿದಿಗೆಯ ಸಂಜೆ ರಾಜ ಮಹಡಿಯ ಮೇಲೆ ನಿಂತು, ಶಲ್ಯದಿಂದ ಒಂದು ನೂಲೆಳೆ ಕಿತ್ತು ಚಂದ್ರನತ್ತ ತೂರುವುದು ವಾಡಿಕೆ. ಎಳೆಚಂದ್ರ ದೋಣಿಯ ಹಾಗೆ ಮಲಗಿದ್ದರೆ ಸುಭಿಕ್ಷ. ಬಿಲ್ಲಿನ ಹಾಗೆ ನೆಟ್ಟಗೆ ನಿಂತರೆ ರಾಜನಿಗೇ ಕೇಡು. ಉತ್ತರದ ಹಿಮನಾಡಿಗೆ ಹೋಗಿಬಂದ ಯುವರಾಜ ಒಮ್ಮೆ, "ಅಲ್ಲಿ ಬಿದಿಗೆ ಚಂದ್ರ ನಿಂತಿದ್ದ" ಎಂದುಬಿಟ್ಟಿದ್ದ. "ಸುಳ್ಳ! ನನ್ನ ಕೇಡು ಬಯಸ್ತೀಯಾ?" ಎಂದು ರಾಜ ಅವನನ್ನು ಗಡಿಯಾಚೆ ಅಟ್ಟಿದ್ದ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು; ಆದರೂ ಆಮೇಲೆ ಅರಮನೆಯಲ್ಲಿ ಆ ಹುಡುಗನ ಹೆಸರನ್ನು ಯಾರೂ ಎತ್ತಿರಲಿಲ್ಲ.

ಮಾಲಿಂಗ ಮಹಡಿ ಹತ್ತಿದಾಗ ರಾಜನೂ, ಕಂಪ್ಯೂಟರಿನ ಮುಂದೆ ಕುಮಾರಿಯೂ ಕೂತಿದ್ದರು. ಒಗಟು ಬಿಡಿಸಲು ಅವನಿಗಿಂತ ಮುಂದೆ ಇಬ್ಬರಿದ್ದರು: ರೇಷ್ಮೆ ವ್ಯಾಪಾರಿ ಚಿಕ್ಕಸೆಟ್ಟಿ, ಮತ್ತು ಕುದುರೆಪಡೆಯ ನಾಯಕ.

"ಏನೋ, ಇಲ್ಲಿ ದೀಪ ಹಚ್ಚೋಕೆ ಬಂದ್ಯಾ?" ಎಂದ ನಾಯಕ.

"ಇಲ್ಲ ಬುದ್ಧಿ. ತಲೆ ಕೊಡೋಕೆ," ಎಂದ ಮಾಲಿಂಗ. ಚಿಕ್ಕಸೆಟ್ಟಿಗೆ ನಗು ಬರಲಿಲ್ಲ.

ಕುಮಾರಿ ಮೊದಲನೆಯದನ್ನು ಕೇಳಿದಳು. "ತುಂಬಿದ ದಿನದಿಂದಲೇ ಸೊರಗುತ್ತಾನೆ, ಬರಿದಾದ ದಿನದಿಂದಲೇ ತುಂಬುತ್ತಾನೆ. ಆದರೂ ಮೈಯಲ್ಲಿ ಒಂದು ಚೂರೂ ಕಮ್ಮಿಯಾಗದವನು ಯಾರು?"

"ಚಂದ್ರ!" ಎಂದರು ಮೂವರೂ.

"ಅಮಾವಾಸ್ಯೆಯ ದಿನ ಅವನು ಎಲ್ಲಿಗೆ ಹೋಗಿರುತ್ತಾನೆ?"

"ಕಡಲಿನ ತಳಕ್ಕೆ," ಎಂದ ಚಿಕ್ಕಸೆಟ್ಟಿ. ಭಟರು ಅವನ ತೋಳು ಹಿಡಿದರು. ನಾಯಕ ಮೊದಲೇ ಯಾರನ್ನೋ ವಿಚಾರಿಸಿಕೊಂಡು ಬಂದಿದ್ದ. "ಸೂರ್ಯನ ಬಳಿಗೆ" ಎಂದು ಪಾರಾದ.

ಮಾಲಿಂಗ ತಡವರಿಸಿದ. "ಎಲ್ಲಿಗೂ ಹೋಗಲ್ಲ ಅಮ್ಮಾವ್ರೇ. ನನಗೂ ದೀಪಕ್ಕೂ ನಡುವೆ ಯಾರಾದ್ರೂ ಬಂದು ನಿಂತ್ರೆ ಅವರ ಮುಖ ನನಗೆ ಕಪ್ಪು. ಬೆಳಕೆಲ್ಲ ಅವರ ಆಚೆ ಬದಿಗೆ. ಅವನೂ ಹಾಗೇ ಸೂರ್ಯನ ಕಡೆ ನಿಂತಿರ್ತಾನೆ."

ಯಂತ್ರದ ಮೇಲೆ ಬೆರಳಾಡಿಸುತ್ತಿದ್ದ ಕುಮಾರಿ ತಲೆಯೆತ್ತಿ ನೋಡಿದಳು.

"ಮೂರನೆಯದು. ಒಂದೇ ಸಂಜೆ ಇಬ್ಬರು ಬಿದಿಗೆ ಚಂದ್ರನನ್ನು ಕಂಡರು. ಮಲಗಿದ್ದ ಎನ್ನುತ್ತಾನೆ ಒಬ್ಬ. ನಿಂತಿದ್ದ ಎನ್ನುತ್ತಾನೆ ಇನ್ನೊಬ್ಬ. ಸುಳ್ಳು ಹೇಳಿದವನು ಯಾರು? ಬೇಕಿದ್ದರೆ ಈ ಯಂತ್ರವನ್ನು ಕೇಳಿ."

ಪರದೆಯ ಮೇಲೆ ಎರಡು ಚೌಕಗಳಿದ್ದವು. ಒಂದರಲ್ಲಿ ದಿನ. ಇನ್ನೊಂದರಲ್ಲಿ ಆಗಲೇ 'ಮುತ್ತಾವತಿ' ಎಂದಿತ್ತು. ನಾಯಕ ದಿನ ತುಂಬಿ ಗುಂಡಿ ಒತ್ತಿದ. ಮಲಗಿದ ಚಂದ್ರ ಮೂಡಿದ. "ನಿಂತಿದ್ದ ಅಂದವನೇ ಸುಳ್ಳ!" ಎಂದ ರಾಜನ ಕಡೆ ತಿರುಗಿ.

"ತಪ್ಪು," ಎಂದಳು ಕುಮಾರಿ.

ರಾಜ ಹುಬ್ಬು ಗಂಟಿಕ್ಕಿದ. "ಅದೇ ಸರಿಯಲ್ಲವೇನಮ್ಮಾ?"

"ಒಗಟು ನನ್ನದು ಅಪ್ಪಾಜಿ."

ಈಗ ಮಾಲಿಂಗನ ಸರದಿ. ಅವನಿಗೆ ಅವ್ವನ ನೆನಪಾಯಿತು. ಚಿಕ್ಕಂದಿನಲ್ಲಿ ಕೆಂಚನೂ ಅವನೂ ಜಗಳವಾಡಿ ಒಬ್ಬರ ಮೇಲೊಬ್ಬರು ದೂರು ತಂದರೆ ಅವ್ವ ಯಾರಿಗೂ ಹೊಡೆಯುತ್ತಿರಲಿಲ್ಲ. ಮೊದಲು ಕೇಳುತ್ತಿದ್ದದ್ದು ಒಂದೇ: "ನೀನೆಲ್ಲಿದ್ದೆ? ಇವನೆಲ್ಲಿದ್ದ?"

"ಅಮ್ಮಾವ್ರೇ, ಆ ಇಬ್ಬರು ಎಲ್ಲೆಲ್ಲಿ ನಿಂತು ನೋಡಿದ್ರು?"

ಕುಮಾರಿಯ ಕಣ್ಣು ತುಂಬಿದ್ದು ಅವನಿಗೆ ಕಂಡಿತು. ಅವನು ಎರಡನೆಯ ಚೌಕಕ್ಕೆ ಬೆರಳು ತೋರಿಸಿದ. "ಇದನ್ನ ಅಳಿಸಬಹುದಾ?"

"ರಾಜಧಾನಿಯ ಹೆಸರನ್ನೇ ಅಳಿಸ್ತೀಯೇನೋ!" ಎಂದು ನಾಯಕ ಭಟರ ಹಿಡಿತದಲ್ಲಿದ್ದುಕೊಂಡೇ ಕೂಗಿದ. ಅಲ್ಲಿಯವರೆಗೆ ಬಂದವರಲ್ಲಿ ಯಾರಿಗೂ ಆ ಧೈರ್ಯ ಬಂದಿರಲಿಲ್ಲ. ಮಾಲಿಂಗ ಅಣ್ಣನನ್ನು ನೆನೆದು ಅಳಿಸಿದ. 'ಹಿಮನಾಡು' ಎಂದು ತಡವಿ ತಡವಿ ಬರೆದ.

ಅದೇ ದಿನ, ಅದೇ ಎಳೆಚಂದ್ರ. ಬಿಲ್ಲಿನ ಹಾಗೆ ನೆಟ್ಟಗೆ ನಿಂತಿದ್ದ.

"ಇಬ್ಬರೂ ನಿಜವನ್ನೇ ಹೇಳಿದ್ದಾರೆ," ಎಂದ ಮಾಲಿಂಗ ಮೆಲ್ಲಗೆ. "ಚಂದ್ರ ಒಬ್ಬನೇ. ನಿಂತ ನೆಲ ಬೇರೆ."

"ಸರಿ," ಎಂದಳು ಕುಮಾರಿ. "ಇಷ್ಟು ಕೇಳಲು ಒಬ್ಬರು ಬೇಕಿತ್ತು. ನಾನು ಹೇಳಿದರೆ ಅಣ್ಣನ ಪರ ಎನ್ನುತ್ತಿದ್ದರು. ಬೇಡಿಕೋ."

"ನನ್ನಣ್ಣ ಕೆಂಚ. ಒಳಗಿರೋ ಮಿಕ್ಕವರೂ."

ರಾಜ ಒಪ್ಪಿ ತಲೆಯಾಡಿಸಿದ. ನಿಧಾನಕ್ಕೆ ಎದ್ದು ಪರದೆಯ ಬಳಿ ಬಂದ. ಮಗ ಈಗ ಇರುವ ಊರಿನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ತಾನೇ ಬರೆದ. ಅವನಿಗೆ ಆ ಊರು ಗೊತ್ತಿತ್ತೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯ ಚಂದ್ರನನ್ನು ಬಹಳ ಹೊತ್ತು ನೋಡಿದ. ಆಮೇಲೆ ಶಲ್ಯದಿಂದ ಎರಡು ಎಳೆ ಕಿತ್ತು, ಒಂದನ್ನು ಪಡುವಣಕ್ಕೆ, ಒಂದನ್ನು ಉತ್ತರಕ್ಕೆ ತೂರಿದ.

"ಗಡಿಯಾಚೆ ಮಗನಿಗೆ ಕುದುರೆ ಕಳಿಸಿ," ಎಂದ. "ಈ ನಾಯಕನನ್ನೇ ಬಿಡಿಸಿ ಕಳಿಸಿ. ದಾರಿಯಲ್ಲಿ ಅವನೂ ಚಂದ್ರನನ್ನು ನೋಡಿಕೊಂಡು ಬರಲಿ."

ಆ ಶಲ್ಯವನ್ನು ಮಾಲಿಂಗನಿಗೆ ಹೊದಿಸಿದರು. ಎರಡೆಳೆ ಕಮ್ಮಿಯಿತ್ತು, ಆದರೂ ಬೆಚ್ಚಗಿತ್ತು. ದಾರಿಯುದ್ದಕ್ಕೂ ಅವನು ದೀಪ ಹಚ್ಚುತ್ತಾ ಬಂದ. ಕೆಂಚ ಏಣಿ ಹಿಡಿದುಕೊಂಡು, "ಆ ಮೂರನೇದು ನನಗೂ ನಾಲಿಗೆ ತುದಿಯಲ್ಲೇ ಇತ್ತು ಕಣೋ" ಎನ್ನುತ್ತಾ ಬಂದ.

ಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಇಬ್ಬರ ಮುಖವನ್ನೂ ಕೈಯಲ್ಲಿ ಹಿಡಿದು ಕೇಳಿದಳು:

"ಎಲ್ಲಿದ್ದಿರೋ ಇಷ್ಟು ಹೊತ್ತು?"